ಗರಿ ನೀರಲ್ಲಿದ್ದ ಮರದ ಚಪ್ಪಲಿ

ನಗೋರು ಈಗಲೇ ನಕ್ಕುಬಿಡಿ. ಇದು ಬೇರೆ ಯಾರಿಗೋ ಅಲ್ಲ, ನಮ್ಮ ದೊಡ್ಡಪ್ಪನ ಮಗಳು ಶಿಜುನೊಗೆ ಆದದ್ದು.

ಅವತ್ತು ನಮ್ಮ ಕೆಲಸದ ಷೆಡ್ಡಿಗೆ ಬೀಗ ಹಾಕಿ, ಗದ್ದೆ ಅಂಚಿನ ಹಳೇ ಬಾವಿ ದಾಟಿ ಮನೆಗೆ ಹೊರಟಿದ್ದಳು. ಕತ್ತಲಾಗಿ ಬಹಳ ಹೊತ್ತಾಗಿತ್ತು. ಹಿಂದಿನಿಂದ... ಟೊಕ್. ಕಲ್ಲಿನ ಮೇಲೆ ಮರ ಊರಿದ ಸದ್ದು. ನಿಂತಳು. ಸದ್ದೂ ನಿಂತಿತು. ಮತ್ತೆ... ಟೊಕ್. ಈ ಸಲ ಷೆಡ್ಡಿನ ಕಡೆಗೆ.

ನೆಲ ಅಗೆದು ಹಳೇ ಕಾಲದ ವಸ್ತು ತೆಗೆದು ಉಳಿಸೋದು ನಮ್ಮ ಕೆಲಸ. ಆ ಬಾವಿಯ ಕೆಸರಲ್ಲೇ ನಮಗೆ ಒಂದು ಮಗುವಿನ ಮರದ ಚಪ್ಪಲಿ ಸಿಕ್ಕಿದ್ದು. ಒಂದೇ ಕಾಲಿನದು. ಸಾವಿರ ವರ್ಷ ನೀರು ಕುಡಿದು ತೋಫು ಥರ ಮೆತ್ತಗಾಗಿತ್ತು. ಅಂಥ ಮರ ಹಾಗೇ ಒಣಗಿದ್ರೆ ಮುದುರಿ ಸೀಳಿಹೋಗುತ್ತೆ. ಅದಕ್ಕೇ ಷೆಡ್ಡಿನ ತೊಟ್ಟೀಲಿ, ಬಾತುಕೋಳಿ ಗರಿ ಕರಗಿಸಿದ ನೀರಲ್ಲಿ ನೆನೆಹಾಕ್ತೀವಿ. ಗರಿಯ ಸತ್ವ ಒಳಗಿಳಿದು ಮರ ಗಟ್ಟಿಯಾಗೋಕೆ ಒಂದು ವರ್ಷ ಬೇಕು. ಮೊದಲೇ ಎತ್ತೋ ಹಾಗಿಲ್ಲ.

ಶಿಜುನೊ ದಿನಾ ಆ ತೊಟ್ಟಿ ಹತ್ತಿರ ನಿಂತು ಮಾತಾಡ್ತಿದ್ದಳು. "ಅದೇನು ನಿನ್ನ ಮಗುನಾ?" ಅಂತ ನಮ್ಮ ಮೇಲಿನವರು, ಕಾಜಿವಾರ ಮೇಷ್ಟ್ರು, ಒಂದ್ಸಲ ಚುಡಾಯಿಸಿ ಆಮೇಲೆ ನಾಲಿಗೆ ಕಚ್ಚಿಕೊಂಡರು. ಅವಳ ಮಗಳು ಮಿಯೊ ಹಿಂದಿನ ವರ್ಷ ಆಸ್ಪತ್ರೇಲಿ ತೀರಿಹೋಗಿತ್ತು. ಆರು ವರ್ಷ. "ಅಮ್ಮಾ, ಮನೆಗೆ ಹೋಗೋಣ" ಅಂತ ಅಳೋದು. "ವಾಸಿಯಾಗ್ಲಿ ಚಿನ್ನ, ಆಮೇಲೆ" ಅಂತ ಇವಳು ಹೇಳೋಳು. ಆ ಆಮೇಲೆ ಬರಲೇ ಇಲ್ಲ. ಹೆತ್ತ ಕರುಳು, ಹೇಗೆ ತಡೆದುಕೊಂಡಿತೋ ಏನೋ.

ಶಿಜುನೊ ವಾಪಸ್ ಹೋಗಿ ಬೀಗ ತೆಗೆದಳು. ತೊಟ್ಟಿ ಒಳಗಿನಿಂದ... ಡಬ್. ಡಬ್.

"ಅಮ್ಮಾ..."

"ಯಾರು?"

"ಸಾಕಮ್ಮಾ. ಎತ್ಕೋ."

"ಇನ್ನೂ ಎಂಟು ತಿಂಗಳು ಕಣೇ..."

"ಆಮೇಲೆ ಅನ್ಬೇಡ."

ಚಪ್ಪಲೀನ ಎತ್ತಿಬಿಟ್ಟಳು. ಎಲ್ಲಾ ಗೊತ್ತಿದ್ದೂ ಎತ್ತಿದಳು. ಟವೆಲ್ಲಲ್ಲಿ ಸುತ್ತಿ, ಷೆಡ್ಡಿನ ಒಲೆ ಪಕ್ಕ ಎದೆಗವಚಿಕೊಂಡು ಬೆಳಗಿನವರೆಗೂ ಕೂತಳು.

ನಾನು ಬಾಗಿಲು ತೆಗೆದಾಗ ಅವಳ ಮಡಿಲಲ್ಲಿ ಕಪ್ಪಗೆ ಸುರುಟಿದ ಒಂದು ತುಂಡು ಇತ್ತು. ನನ್ನ ಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ.

ಮೇಷ್ಟ್ರ ಮುಂದೆ ನೆಲಕ್ಕೆ ಹಣೆ ಹಚ್ಚಿದಳು. "ಬೈರಿ ನನ್ನ."

"ಬೈದ್ರೆ ಮರ ಉಬ್ಬುತ್ತಾ? ಏಳು. ಚಹಾ ಕುಡಿ," ಅಂದರು.

ಆ ಸುರುಟಿದ ಚಪ್ಪಲೀನ ಡಬ್ಬಿಗೆ ಹಾಕಿ ಬೀಗ ಜಡಿದೆ. ಕೀಲಿ ನನ್ನ ಹತ್ತಿರ, ನನ್ನೊಬ್ಬಳ ಹತ್ತಿರ. ತಿಂಗಳಾದ ಮೇಲೆ ಫೋಟೋ ತೆಗೆಯೋಕೆ ಅಂತ ತೆರೆದೆ.

ಮರ ಮುದುರಿ, ಕಾಲಿಗೆ ಪಟ್ಟಿ ಕಟ್ಟೋ ಮೂರು ತೂತೂ ಮುಚ್ಚಿಹೋಗಿದ್ವು, ಸೂಜೀನೂ ತೂರಲ್ಲ. ಆದ್ರೂ ಅವುಗಳಲ್ಲಿ ಬಟ್ಟೆಯ ಪಟ್ಟಿ ಪೋಣಿಸಿತ್ತು. ಅಡಿಯಲ್ಲಿ ಗಂಟು ಬೇರೆ, ಮಕ್ಕಳು ಹಾಕೋ ಥರ ಸೊಟ್ಟ ಗಂಟು. ಬಿಳೀ ಬಟ್ಟೆ, ಮೇಲೆ ಕೆಂಪು ಮೀನು.

ಅದು ಮಿಯೊಳ ಬೇಸಿಗೆ ಉಡುಪಿನದು. ಚಿತೆಗೆ ಕಳಿಸೋ ಮುಂಚೆ ಅದನ್ನ ಮಗೂಗೆ ಉಡಿಸಿದ್ದು ಈ ಕೈಯೇ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ.