ಮಲಗಿದ್ದ ಮೇಸ್ತ್ರಿ

ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ. ನಡುಮನೆಯ ಮೂಲೆ ಸೋರುತ್ತಿತ್ತು, ಕರೆಂಟೂ ಹೋಗಿತ್ತು. ಹಾಸಿಗೆಗಳನ್ನು ಮೇಲಿನ ಕೋಣೆಗೆ ಸಾಗಿಸೋಣವೆಂದು ನಮ್ಮ ಭಾವ ಎದ್ದು ನಿಂತಾಗ, ಗೋಡೆಗೊರಗಿ ಕೂತಿದ್ದ ಚಿಕ್ಕಜ್ಜಿ ಬೇಡ ಎಂದಳು. ಯಾಕೆಂದು ಕೇಳಿದರೆ ಅವಳಿಗೆ ಕಾರಣ ಕೊಡುವುದಕ್ಕಿಂತ ಕತೆ ಹೇಳುವುದೇ ಸುಲಭ. ಮೇಣದಬತ್ತಿಯನ್ನು ಮುಖದ ಹತ್ತಿರ ಹಿಡಿಯಬೇಡಿ ಎಂದು ಗದರಿ, ನಾವೆಲ್ಲ ಸುತ್ತ ಕೂತ ಮೇಲೆ ಶುರುಮಾಡಿದಳು.

"ಆಗ ಈ ಮನೇಲಿ ನಮ್ಮಮ್ಮ ಮಂಚ ಬಾಡಿಗೆಗೆ ಕೊಡ್ತಿದ್ಲು. ಕೋಣೆ ಅಲ್ಲ, ಮಂಚ. ನೂಲಿನ ಮಿಲ್ಲಿನೋರು... ಹಗಲು ಪಾಳಿಯೋನು ಎದ್ದು ಹೋದ ಕೂಡ್ಲೆ ರಾತ್ರಿ ಪಾಳಿಯೋನು ಬಂದು ಅದೇ ಮಂಚದ ಮೇಲೆ ಬೀಳೋನು, ಹಾಸಿಗೆಗೆ ತಣ್ಣಗಾಗೋಕೂ ಪುರುಸೊತ್ತಿಲ್ಲ. ಅವರನ್ನೆಲ್ಲ ಹೊತ್ತಿಗೆ ಸರಿಯಾಗಿ ಎಬ್ಬಿಸೋ ಕೆಲಸ ನಮ್ಮಕ್ಕಂದು. ಭುಜ ಹಿಡಿದು ಅಲ್ಲಾಡಿಸೋ ಹಾಗಿಲ್ಲ ನೋಡಿ, ದಣಿದೋರು ಬೆಚ್ಚಿಬಿದ್ದು ಕೈ ಬೀಸಿಬಿಡ್ತಾರೆ. ಅದಕ್ಕೆ ಅವಳು ಕಾಲಿನ ಹೆಬ್ಬೆರಳು ಹಿಡ್ಕೊಂಡು, ಮೆಲ್ಲಗೆ ಮಾತಾಡಿಸ್ತಾ ಮಾತಾಡಿಸ್ತಾ ಎಬ್ಬಿಸೋಳು. ಅರ್ಧ ನಿದ್ದೆ, ಅರ್ಧ ಎಚ್ಚರ ಅಂತ ಒಂದು ಗಳಿಗೆ ಇರುತ್ತಲ್ಲ... ಮನುಷ್ಯ ಎಂಥೋನು ಅಂತ ಆಗ ಗೊತ್ತಾಗುತ್ತೆ ಅನ್ನೋಳು.

ಮೇಲಿನ ಕೋಣೇಲಿ ಒಬ್ಬ ಮೇಸ್ತ್ರಿ ಇದ್ದ. ರಾತ್ರಿ ಪಾಳಿ. ಮೂಗಿನ ತುದೀಲೇ ಕೋಪ. ಸ್ನಾನದ ನೀರು ಬಿಸಿ ಇದ್ರೂ ಬೈಗುಳ, ಆರಿದ್ರೂ ಬೈಗುಳ. ಅಂಥೋನು ಒಂದು ಮಧ್ಯಾಹ್ನ ನಿದ್ದೇಲಿ ಏನಂದ ಗೊತ್ತಾ? 'ನಿನ್ ಕೈ ಸುಟ್ಟಿತ್ತಲ್ಲ, ವಾಸಿ ಆಯ್ತಾ?' ಅಂದ. ಅಕ್ಕ ಆಯ್ತು ಅಂದ್ಲು. ಕಣ್ಣು ಬಿಟ್ಟ ಕೂಡ್ಲೆ ಯಾಕೆ ತಡ ಮಾಡಿದೆ ಅಂತ ಶುರು ಹಚ್ಕೊಂಡ.

ಆಮೇಲೆ ಅವಳು ಬೇಗಬೇಗನೇ ಹೋಗಿ ಅವನ ಕಾಲ ಹತ್ತಿರ ಕೂತ್ಕೊಳ್ಳೋಕೆ ಶುರು ಮಾಡಿದ್ಲು. ಮಲಗಿರೋನು ಬೇರೇನೇ ಮನುಷ್ಯ. ಎಚ್ಚರ ಇರೋನು ಯಾರಿಗೆ ಬೈದ, ಯಾರ ಕಣ್ಣಲ್ಲಿ ನೀರು ಹಾಕಿಸ್ದ ಅಂತ, ಯಾರೋ ಪಕ್ಕದ ಮನೆಯೋನ ಸುದ್ದಿ ಹೇಳೋ ಹಾಗೆ ಹೇಳ್ಕೊಂಡು ಮರುಗೋನು. ಅಕ್ಕ ಮನಸ್ಸು ಕೊಟ್ಟಿದ್ದು ಅವನಿಗೆ. ಮೇಸ್ತ್ರೀನ ಮದುವೆ ಆಗ್ತೀನಿ ಅಂದಾಗ ಅಮ್ಮ ಹಣೆ ಹಣೆ ಚಚ್ಕೊಂಡ್ಲು. ಇವಳು ಮಾತ್ರ, ನಾನು ಮದುವೆ ಆಗೋದು ಮಲಗಿರೋನನ್ನ ಅಂದ್ಲು.

ನಂಗೆ ಭಯ ಆಗಿದ್ದು ಅವನ ಬಗ್ಗೆ ಅಲ್ಲ. ನಾನು ಅಕ್ಕನ ಪಕ್ಕ ಮಲಗ್ತಿದ್ದೋಳು. ಹಗಲೆಲ್ಲ ಹೂವಿನಂಥ ಹುಡುಗಿ, ಒಬ್ಬರ ಹತ್ರಾನೂ ಏರಿದ ದನಿಯಲ್ಲಿ ಮಾತಾಡಿದೋಳಲ್ಲ... ನಿದ್ದೇಲಿ ಹಲ್ಲು ಕಡಿಯೋಳು. ತಣ್ಣಗೆ, ಬಿಡಿಸಿ ಬಿಡಿಸಿ ಹೇಳೋಳು: 'ಎಲ್ಲಾರೂ ಹಾಗೇ ಬಿದ್ದಿರ್ಲಿ. ನಾನು ಒಬ್ಬರನ್ನೂ ಎಬ್ಬಿಸಲ್ಲ.' ಬೆಳಿಗ್ಗೆ ಎದ್ರೆ ಅವಳಿಗೆ ಅದರ ಗಂಧಗಾಳಿ ಇಲ್ಲ. ತನ್ನ ನಿದ್ದೆ ಯಾರಿಗೆ ಗೊತ್ತಿರುತ್ತೆ ಹೇಳಿ?

ಮದುವೆ ಆಗಿ ವರ್ಷ ತುಂಬಿರ್ಲಿಲ್ಲ, ಮಿಲ್ಲಲ್ಲಿ ಬಾಯ್ಲರ್ ಸಿಡೀತು. ಮೇಸ್ತ್ರಿ ಯಾರಿಗೋ ಬೈತಾ ನಿಂತಿದ್ನಂತೆ, ಬೈತಾ ಬೈತಾನೇ ಹೋದ. ಮಣ್ಣು ಮಾಡಿ ಬಂದ್ವಿ. ಮಾರನೇ ದಿನ ಅಕ್ಕ ಎಂದಿನ ಹಾಗೆ ಮೇಲೆ ಹತ್ತಿದ್ಲು. ಪಾಪ, ತಲೆ ಕೆಟ್ಟಿದೆ ಅಂತ ಹಿಂದೇನೇ ಹೋದೆ. ಬಾಗಿಲ ಸಂದೀಲಿ ನೋಡ್ತೀನಿ... ಮಂಚದ ಮೇಲೆ ಯಾರೂ ಇಲ್ಲ, ಆದ್ರೆ ಹಾಸಿಗೆ ಮನುಷ್ಯನಷ್ಟು ಉದ್ದಕ್ಕೆ ತಗ್ಗಿತ್ತು. ಆ ತಗ್ಗಿನಿಂದ ದನಿ ಬಂತು. 'ಬಂದ್ಯಾ?' ಅಂತು.

ಅಕ್ಕನಿಗೆ ಆಶ್ಚರ್ಯಾನೂ ಇಲ್ಲ, ಭಯಾನೂ ಇಲ್ಲ. ಸತ್ತಿದ್ದು ಎಚ್ಚರ ಇದ್ದೋನು, ನನ್ನ ಗಂಡ ಮಿಲ್ಲಿಗೆ ಹೋಗಿರ್ಲೇ ಇಲ್ಲ ಅಂದ್ಲು. ತಲೆ ನರೆಯೋ ತನಕ ಸಂಸಾರ ಮಾಡಿದ್ಲು. ದಿನಾ ಮಧ್ಯಾಹ್ನ ಹತ್ತಿ ಹೋಗೋಳು, ಮಾತಾಡೋಳು, ನಗೋಳು. ಅವಳಿಗೆ ಇದ್ದ ಚಿಂತೆ ಒಂದೇ. ತಾನು ಸತ್ತ ಮೇಲೆ ಅವನು ಸಿಗ್ತಾನೋ ಇಲ್ವೋ... ನನ್ನನ್ನ ಕೇಳೋಳು. ಸಿಗ್ತಾನೆ ಬಿಡೇ ಅನ್ನೋಳು ನಾನು. ಇನ್ನೇನು ಹೇಳ್ಲಿ?

ಅವಳು ಮೆಟ್ಟಿಲು ಹತ್ತುವಾಗಲೇ ಕುಸಿದು ಪ್ರಾಣ ಬಿಟ್ಲು. ಕಣ್ಣು ಬಿಟ್ಕೊಂಡೇ ಇತ್ತು. ಪೂರ್ತಿ ಎಚ್ಚರ."

ಭಾವ ಕೈಯಲ್ಲಿದ್ದ ದಿಂಬನ್ನು ಮೆಲ್ಲಗೆ ಕೆಳಗಿಟ್ಟ.

"ಹಾಸಿಗೆ ಈಗ ಎರಡು ಕಡೆ ತಗ್ಗುತ್ತೆ. ಇಬ್ಬರೂ ಒಂದೇ ಮಂಚದ ಮೇಲೆ ಇದ್ದಾರೆ, ಅವಳು ಬೇಡಿದ ಹಾಗೇನೇ... ಆದ್ರೆ ಅವನು ಕಂಡಿದ್ದು ಎಚ್ಚರ ಇದ್ದೋಳನ್ನ ಅಲ್ವಾ? ನಿದ್ದೇಲಿ ಹಲ್ಲು ಕಡಿಯೋ ಈ ಇನ್ನೊಬ್ಬಳ ಪರಿಚಯ ಅವನಿಗೆಲ್ಲಿದೆ? ದಿನಾ ಕೇಳ್ತಾನೆ. ಇವತ್ತು ಮಧ್ಯಾಹ್ನಾನೂ ಕೇಳ್ತಿದ್ದ, ಅಳ್ತಾ. 'ನೀನ್ಯಾರಮ್ಮಾ? ನನ್ನ ಹೆಂಡ್ತಿ ಯಾಕೆ ಇನ್ನೂ ಬರ್ಲಿಲ್ಲ?'"