ಕಡೇ ಸೀಟಿನ ಕೆಳಗಿನ ಕಪ್ಪು ಚೀಲ

ಹೇಳಿಕೆ ಕೊಡುವವರು: ಸಿಟಿ ಬಸ್ ಚಾಲಕರಾಗಿದ್ದ ದಿವಂಗತರ ಹೆಂಡತಿ, ವಯಸ್ಸು 57 ವರ್ಷ, ಕಸುಬು ಬಟ್ಟೆ ಆಲ್ಟ್ರೇಶನ್, ವಾಸ ಬಸ್ಸಿನ ಕಡೇ ಸ್ಟಾಪಿನ ಎದುರು ಕಟ್ಟಡ, ಮೂರನೇ ಮಹಡಿ, ರಸ್ತೆ ಕಡೆಯ ಮನೆ. ಸುತ್ತಮುತ್ತಲಿನವರು ಕರೆಯುವುದು ಟೈಲರ್ ಆಂಟಿ ಎಂದು.

ನಾನು ಇಂದು ಬೆಳಿಗ್ಗೆ 9.40ಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಸಂಜೆ ಮುಖ್ಯ ಬಸ್ ನಿಲ್ದಾಣದಲ್ಲಿ ಬಸ್ಸಿನ ಕಡೇ ಸೀಟಿನ ಕೆಳಗೆ ಸಿಕ್ಕ, ಕೆಂಪು ದೀಪ ಮಿನುಗುತ್ತಿದ್ದ ಕಪ್ಪು ಚೀಲವನ್ನು ಹೊಲಿದವಳೂ ನಾನೇ, ಅಲ್ಲಿ ಕಟ್ಟಿದವಳೂ ನಾನೇ. ಅದು ಬಾಂಬಲ್ಲ. ಈ ವಿಷಯದಲ್ಲಿ ನಿನ್ನೆ ರಾತ್ರಿ ವಿಚಾರಿಸಿ, ಇಂದು ಮತ್ತೆ ಕರೆಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿರುವ ವಿಶ್ವವಿದ್ಯಾಲಯದ ಹುಡುಗಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ. ಅವಳನ್ನು ಮನೆಗೆ ಕಳಿಸಬೇಕು ಎಂದು ಹೇಳುವುದಕ್ಕೇ ನಾನು ಬಂದದ್ದು. ಉಳಿದದ್ದು ಸಾಹೇಬರು ಕೇಳಿದ್ದಕ್ಕೆ ಹೇಳುತ್ತಿದ್ದೇನೆ.

ಮೂರು ವಾರದ ಹಿಂದೆ ಸದರಿ ಹುಡುಗಿ ನಮ್ಮ ಮನೆಗೆ ಬಂದಳು. ವಿಶ್ವವಿದ್ಯಾಲಯದ ಮಹಾನಗರ ಅಧ್ಯಯನ ಕೇಂದ್ರದಲ್ಲಿ ಸಂಶೋಧನೆ ಮಾಡುತ್ತೇನೆ ಎಂದು ತಿಳಿಸಿದಳು. ಈ ಊರು, ಸುತ್ತಲಿನ ಊರುಗಳು ಎಲ್ಲ ಸೇರಿ ಒಂದೇ ಆಗಿಬಿಟ್ಟಿದೆ, ಇದರಲ್ಲಿ ಜನ ದಿನಾ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ಯಾತಕ್ಕೆ ಓಡಾಡುತ್ತಾರೆ ಎಂದು ನೋಡುವುದು ಅವರ ಕೆಲಸವಂತೆ. ಚೀಟಿ ಎತ್ತಿದ ಹಾಗೆ ಮನೆ ಆರಿಸಿದ್ದೇವೆ, ನಿಮ್ಮ ಮನೆ ಬಂದಿದೆ ಆಂಟಿ ಎಂದಳು. ಹುಟ್ಟಿದಾಗಿನಿಂದ ನನ್ನ ಹೆಸರಿನ ಚೀಟಿ ಎಲ್ಲಿಯೂ ಬಂದದ್ದಿಲ್ಲ. ಒಪ್ಪಿಕೊಂಡೆ.

ಅವಳು ಬೆಂಕಿಪೊಟ್ಟಣದಷ್ಟು ದೊಡ್ಡ, ಕೆಂಪು ದೀಪ ಮಿನುಗುವ ಪೆಟ್ಟಿಗೆಯೊಂದನ್ನು ಕೊಟ್ಟು, ಒಂದು ತಿಂಗಳು ಹೋದ ಕಡೆಯೆಲ್ಲ ಜೊತೆಗಿಟ್ಟುಕೊಳ್ಳಬೇಕು, ಅದು ಎಲ್ಲಿದೆ ಎಂದು ತನ್ನ ಫೋನಿನಲ್ಲಿ ಚುಕ್ಕೆಯಾಗಿ ಕಾಣುತ್ತದೆ ಎಂದಳು. ದಿನಾ ಸಂಜೆ ಆರೂವರೆಗೆ ಫೋನ್ ಮಾಡಿ, ಹೋದ ಒಂದೊಂದು ಜಾಗದ ಬಗ್ಗೆಯೂ ಪ್ರಶ್ನೆ ಕೇಳುತ್ತಾಳಂತೆ. ನಾನು ಎಲ್ಲಿಗೂ ಹೋಗುವವಳಲ್ಲ ಎಂಬುದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹುಡುಗಿ ಕೂತು ಎರಡು ಲೋಟ ಟೀ ಕುಡಿದಿದ್ದಳು, ಮುಖ ಕೊಟ್ಟು ಮಾತಾಡುತ್ತಿದ್ದಳು, ಬಾಯಿ ಬರಲಿಲ್ಲ.

ನನ್ನ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಬಟ್ಟೆ ಅಂಗಡಿಯವನು ಪ್ಯಾಂಟು, ಶರ್ಟುಗಳ ಗಂಟನ್ನು ತಂದು ಕೆಳಗಿನಿಂದ ಹಾರ್ನ್ ಹೊಡೆಯುತ್ತಾನೆ, ನಾನು ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತೇನೆ. ಮೂಲೆ ಅಂಗಡಿಯಿಂದ ಹಾಲು, ತರಕಾರಿಯೂ ಅದೇ ಬುಟ್ಟಿಯಲ್ಲಿ ಬರುತ್ತದೆ. ಕಾಲಿಗೆ ಏನೂ ಆಗಿಲ್ಲ. ಹೋಗುವುದಕ್ಕೆ ಜಾಗವಿಲ್ಲ, ಅಷ್ಟೇ.

ಮೊದಲ ದಿನ ಸಂಜೆ ಫೋನ್ ಬಂತು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದೆ. ಹಾಗಾದರೆ ಇವತ್ತಿಗೆ ಪ್ರಶ್ನೆ ಇಲ್ಲ ಆಂಟಿ ಎಂದು ಇಟ್ಟಳು. ಎರಡನೇ ದಿನವೂ ಹಾಗೆಯೇ ಆಯಿತು. ಮೂರನೇ ದಿನ ಮಾತ್ರ, ಪೆಟ್ಟಿಗೆ ಬೆಳಿಗ್ಗೆಯಿಂದ ಗಡಗಡ ಅಲ್ಲಾಡುತ್ತಿದೆ, ಜಾಗ ಬಿಟ್ಟು ಕದಲಿಲ್ಲ, ಒಂದೇ ಕಡೆ ಡ್ಯಾನ್ಸ್ ಮಾಡ್ತಿದ್ರಾ ಎಂದು ನಕ್ಕಳು. ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೆ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಪ್ರಶ್ನೆ ಇಲ್ಲ ಎಂದು ಇಟ್ಟುಬಿಟ್ಟಳು. ಹೋದರೆ ಪ್ರಶ್ನೆ, ಹೋಗದಿದ್ದರೆ ಪ್ರಶ್ನೆಯಿಲ್ಲ, ಅದು ಅವರ ಕೇಂದ್ರದ ಪದ್ಧತಿ. ಅವತ್ತು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಮಾರನೇ ದಿನ ಪ್ಯಾಂಟಿನ ಜೇಬಿನ ತೆಳು ಕಪ್ಪು ಬಟ್ಟೆಯಲ್ಲಿ ಚಿಕ್ಕ ಚೀಲ ಹೊಲಿದು, ಪೆಟ್ಟಿಗೆಯನ್ನು ಅದರೊಳಗಿಟ್ಟು, ಬೆಳಿಗ್ಗೆ 8 ಗಂಟೆಗೆ ಕೆಳಗಿಳಿದು ಸ್ಟಾಪಿನಲ್ಲಿ ನಿಂತಿದ್ದ ಬಸ್ಸಿನ ಕಡೇ ಸೀಟಿನ ಕೆಳಗೆ ಎಲಾಸ್ಟಿಕ್‌ನಿಂದ ಕಟ್ಟಿದೆ. ಅದು ಯಜಮಾನರು ಓಡಿಸುತ್ತಿದ್ದ ರೂಟೇ. ಡ್ರೈವರು ಟೀ ಕುಡಿಯಲು ಹೋಗಿದ್ದರು. ಸಂಜೆ 6 ಗಂಟೆಗೆ ಅದೇ ಬಸ್ಸು ಬಂದು ನಿಂತಾಗ ಬಿಚ್ಚಿ ತಂದೆ. ಚೀಲ ಹೊಲಿಯದಿದ್ದರೆ ಪೆಟ್ಟಿಗೆ ಮೇಲಿದ್ದ ಕೇಂದ್ರದ ಹೆಸರು, ನಂಬರು ಯಾರ ಕಣ್ಣಿಗಾದರೂ ಬೀಳುತ್ತಿತ್ತು, ನಿನ್ನೆಯ ರಾದ್ಧಾಂತ ಆಗುತ್ತಿರಲಿಲ್ಲ. ಬಸ್ಸಿನ ಧೂಳು ಕೂರಬಾರದೆಂದು ಹೊಲಿದೆ. ನನ್ನ ಅಚ್ಚುಕಟ್ಟುತನವೇ ನನಗೆ ಮುಳುವಾಯಿತು.

ಆ ಸಂಜೆ ಹುಡುಗಿಯ ಖುಷಿ ನೋಡಬೇಕಿತ್ತು. ಮುಕ್ಕಾಲು ಗಂಟೆ ಮಾತಾಡಿದಳು. ಎಲ್ಲಿ ಇಳಿದಿರಿ, ಯಾತಕ್ಕೆ ಹೋದಿರಿ, ಜೊತೆಗೆ ಯಾರಿದ್ದರು, ಸೀಟು ಸಿಕ್ಕಿತೇ ಎಂದೆಲ್ಲ ಕೇಳಿದಳು. ಆ ದಾರಿಯ ಒಂದೊಂದು ಸ್ಟಾಪೂ ಯಜಮಾನರ ಬಾಯಿಂದ ಕೇಳಿ ಗೊತ್ತಿತ್ತು, ಆದ್ದರಿಂದ ತಡವರಿಸಲಿಲ್ಲ. ಒಂದೇ ದಾರಿಯಲ್ಲಿ ದಿನವಿಡೀ ಹೋಗಿ ಬಂದದ್ದು ಯಾಕೆ ಎಂದದ್ದಕ್ಕೆ, ಯಜಮಾನರ ರೂಟಲ್ಲವೇ, ಸುಮ್ಮನೆ ಕೂತು ಸುತ್ತುತ್ತೇನೆ ಎಂದೆ. ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸು ತುಂಬ ಹೊತ್ತು ನಿಂತಿತ್ತಂತೆ, ಯಾತಕ್ಕೆ ಎಂದು ಕೇಳಿದ್ದಕ್ಕೆ ನನ್ನ ಗೆಳತಿಗೆ ಹುಷಾರಿಲ್ಲ, ನೋಡಲು ಹೋಗಿದ್ದೆ ಎಂದುಬಿಟ್ಟೆ. ಮಾರನೇ ದಿನ ಅವಳ ಮೊದಲ ಪ್ರಶ್ನೆಯೇ ಗೆಳತಿ ಹೇಗಿದ್ದಾರೆ ಎಂದು. ಇಲ್ಲದ ಗೆಳತಿಗೆ ಹೊಟ್ಟೆ ನೋವು ಬಂತು, ಸ್ಕ್ಯಾನಿಂಗ್ ಆಯಿತು, ಆಪರೇಷನ್ನೂ ಆಯಿತು. ಹೀಗೆ ದಿನಾ ಬಾಲ ಬೆಳೆಯುತ್ತಾ ಹೋಯಿತು. ಅವಳೂ ತನ್ನ ವಿಷಯ ಹೇಳಿಕೊಳ್ಳುತ್ತಿದ್ದಳು. ಹಾಸ್ಟೆಲಿನಲ್ಲಿ ಯಾರೂ ಹೊಂದಿಕೆಯಾಗಿಲ್ಲ, ಅಮ್ಮನಿಗೆ ಫೋನ್ ಮಾಡಿದರೆ ಮದುವೆ ವಿಷಯ ತೆಗೆಯುತ್ತಾರೆ, ನಿಮ್ಮ ಹತ್ತಿರ ಮಾತಾಡಿದರೆ ಹಗುರಾಗುತ್ತದೆ ಎಂದಿದ್ದಳು. ಮೋಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಆದರೂ ಬೆಳಗಾಗುತ್ತಲೇ ಆರೂವರೆ ಆಗಲಿ ಎಂದು ಕಾಯುತ್ತಿದ್ದೆ. ಇದನ್ನು ಬರೆದುಕೊಳ್ಳಬೇಕಾಗಿಲ್ಲ ಎಂದು ಸಾಹೇಬರು ಹೇಳಿದರು. ಬರೆದುಕೊಳ್ಳಿ ಎಂದು ನಾನೇ ಹೇಳಿದೆ.

ನಿನ್ನೆ ಮಂಗಳವಾರ ಎಂದಿನಂತೆ ಚೀಲ ಕಟ್ಟಿದೆ. ಆ ಬಸ್ಸನ್ನು ಮಧ್ಯಾಹ್ನ ಬೇರೆ ರೂಟಿಗೆ ಹಾಕಿದ್ದಾರೆಂದು ನನಗೆ ತಿಳಿದಿರಲಿಲ್ಲ. ಸಂಜೆ 6 ಗಂಟೆಗೆ ಸ್ಟಾಪಿನಲ್ಲಿ ನಿಂತೆ. ಬೇರೆ ಬಸ್ಸು ಬಂತು. ಮೇಲೆ ಬಂದು ಆರೂವರೆಗೆ ಫೋನಿನ ಮುಂದೆ ಕೂತೆ, ಅದೂ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ಮುಖ್ಯ ನಿಲ್ದಾಣದ ಬಸ್ಸಿನಲ್ಲಿ ಬಾಂಬ್ ಎಂದು ಕೂಗುವುದು ಕೇಳಿಸಿತು. ಬಸ್ಸು ಗುಡಿಸುವವಳು ಚೀಲ ನೋಡಿ ಕಿರುಚಿಕೊಂಡಳೆಂದು ಆಮೇಲೆ ತಿಳಿಯಿತು.

6.55ಕ್ಕೆ ಫೋನ್ ಬಂತು. ಹುಡುಗಿ ಏದುಸಿರು ಬಿಡುತ್ತಾ, ಆಂಟಿ ಎಲ್ಲಿದ್ದೀರಿ, ಏನಾದ್ರೂ ಮಾತಾಡಿ ಎಂದು ಅಳುತ್ತಿದ್ದಳು. ಬಾಂಬಿನ ಸುದ್ದಿ ಕೇಳಿ, ನನ್ನ ಚುಕ್ಕೆ ಅದೇ ಬಸ್ ನಿಲ್ದಾಣದಲ್ಲಿ ಅಲುಗಾಡದೆ ನಿಂತದ್ದನ್ನು ನೋಡಿ ಅವಳು ಕೇಂದ್ರದಿಂದ ಆಟೋ ಹಿಡಿದು ಬಂದಿದ್ದಳಂತೆ. ಪೊಲೀಸರು ಕಟ್ಟಿದ ಹಗ್ಗ ದಾಟಿ, ನಮ್ಮ ಆಂಟಿ ಒಳಗಿದ್ದಾರೆ ಎಂದು ಕೂಗಾಡಿ, ಫೋನಿನಲ್ಲಿದ್ದ ಚುಕ್ಕೆಯನ್ನು ಎಲ್ಲರಿಗೂ ತೋರಿಸಿದ್ದಳಂತೆ. ಬಾಂಬಿದ್ದ ಜಾಗ ಇವಳಿಗೆ ಹೇಗೆ ಗೊತ್ತು ಎಂದು ನೀವು ಹಿಡಿದುಕೊಂಡದ್ದು ಅದಕ್ಕೇ. ನನ್ನನ್ನು ಹುಡುಕಿಕೊಂಡು ಒಬ್ಬರು ಅಷ್ಟು ದೂರ ಓಡಿ ಬಂದಿದ್ದರು. ನಾನು ಮನೇಲೇ ಇದೀನಿ ಪುಟ್ಟಿ ಎಂದೆ. ಫೋನನ್ನು ಯಾರೋ ಕಸಿದುಕೊಂಡ ಹಾಗಾಯಿತು.

ರಾತ್ರಿಯೇ ಬರಬೇಕಿತ್ತು. ಮೆಟ್ಟಿಲವರೆಗೆ ಹೋಗಿ ವಾಪಸು ಬಂದೆ. ಇಂದು ಬೆಳಿಗ್ಗೆ ಬಂದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅವರ ಕೇಂದ್ರದ ದೊಡ್ಡ ಪ್ರೊಫೆಸರು ನಿಂತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, ಹಾಗಾದ್ರೆ ಆಸ್ಪತ್ರೆಯಲ್ಲಿದ್ದ ಆ ಗೆಳತಿ ಇಲ್ವಾ ಎಂದು ಕೇಳಿದಳು. ಇಲ್ಲ ಎಂದೆ. ಮುಖ ತಿರುಗಿಸಿಕೊಂಡಳು. ಆಮೇಲೆ, ಎಲ್ಲಿಗೂ ಹೋಗಲಿಲ್ಲ ಅನ್ನೋದೂ ನಮಗೆ ಬೇಕಾಗಿತ್ತು ಆಂಟಿ, ಅಂಥವರು ಎಷ್ಟು ಜನ ಇದ್ದಾರೆ ಅಂತ ಯಾರಿಗೂ ಗೊತ್ತಿಲ್ಲ ಎಂದಳು. ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪ್ರೊಫೆಸರು, ನನ್ನ ವಿವರಗಳನ್ನೆಲ್ಲ ಅಳಿಸಿಹಾಕುತ್ತೇವೆ, ಇನ್ನು ಮುಂದೆ ಕೇಂದ್ರದವರಾರೂ ನನ್ನನ್ನು ಸಂಪರ್ಕಿಸುವಂತಿಲ್ಲ, ಈ ಹುಡುಗಿಯಂತೂ ಕೂಡದು, ಹಾಗಿದ್ದರೆ ಮಾತ್ರ ಅವಳ ಸಂಶೋಧನೆಯ ಸೀಟು ಉಳಿಯುತ್ತದೆ ಎಂದು ತಿಳಿಸಿದರು. ಒಪ್ಪಿದೆ. ನನ್ನ ನಂಬರನ್ನು ಅವಳ ಫೋನಿನಿಂದ ನನ್ನೆದುರೇ ತೆಗೆಸಿದರು.

ಆದ್ದರಿಂದ ತಪ್ಪೆಲ್ಲ ನನ್ನದು, ಕಾನೂನಿನಂತೆ ಏನು ಮಾಡಿದರೂ ಒಪ್ಪುತ್ತೇನೆ. ಹುಡುಗಿಯ ಮೇಲೆ ಯಾವ ಕೇಸೂ ಹಾಕಬಾರದು. ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಮುಂದಿನ ವಿಚಾರಣೆಗೆ ಯಾವಾಗ ಕರೆದರೂ ಹಾಜರಾಗುತ್ತೇನೆ. ಫೋನಿನಲ್ಲೇ ಕೇಳುವುದಾದರೆ ಸಂಜೆ ಆರೂವರೆಗೆ ಮಾಡಬೇಕೆಂದು ಕೋರುತ್ತೇನೆ. ಎಷ್ಟು ಪ್ರಶ್ನೆ ಇದ್ದರೂ ಉತ್ತರ ಕೊಡುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಬುಧವಾರ, ಮಧ್ಯಾಹ್ನ 12.10
ಹೇಳಿಕೆ ಕೊಟ್ಟವರ ಸಹಿ