ತೊಟ್ಟಿಕ್ಕದ ಮುಚ್ಚಳ

ನಂಬಬೇಡ! ಬೇಕಾದ್ರೆ ನಂಬಲೇಬೇಡ ಅಕ್ಕಾ. ಆದ್ರೂ ನಡೆದದ್ದು ನಡೆದದ್ದೇ. ಅಷ್ಟು ದೊಡ್ಡ ಎಣ್ಣೆ ಕಂಪನಿಯ ಏಳು ಜನ ಎಂಜಿನಿಯರುಗಳು ಬಾಯಿ ಬಿಟ್ಕೊಂಡು ನನ್ನ ಕೈಯನ್ನೇ ನೋಡ್ತಾ ಕೂತಿದ್ರು. ಏಳು ಜನ! ...ಯಾಕೆ ನಗ್ತೀಯ? ಸರಿ, ಐದು. ಒಬ್ಬ ಫೋನ್ ಒತ್ತುತ್ತಿದ್ದ, ಅವನನ್ನ ಬಿಟ್ರೆ ನಾಲ್ಕು.

ತಾಳು, ಈ ಬೂಟು ಬಿಚ್ತೀನಿ. ಭಾವನ ಬೂಟು ನನ್ನ ಕಾಲನ್ನ ತಿಂದುಹಾಕ್ತು. ಆ ಮೆಷಿನ್ ಒಂದು ಗಳಿಗೆ ನಿಲ್ಲಿಸು... ಹಾಂ.

ಒಂಬತ್ತಕ್ಕೆ ಹೋದವನನ್ನ ಮೂರು ಗಂಟೆ ಕಾಯ್ಸಿದ್ರು. ನಮ್ಮಂಥ ಸಣ್ಣ ಶೆಡ್ಡಿನವರೇ ಮೂವತ್ತು ಜನ, ಒಬ್ಬೊಬ್ಬರ ತೊಡೆ ಮೇಲೂ ಒಂದೊಂದು ಡಬ್ಬ, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತ ಹಾಗೆ. ಎದುರು ಗೋಡೆ ಮೇಲೆ ಆಳೆತ್ತರದ ಅಕ್ಷರ: 'ಯೋಚನೆ ನಿಮ್ಮದು, ಕಾರ್ಖಾನೆ ನಮ್ಮದು, ಕೂಡಿ ಬೆಳೆಯೋಣ.' ಹೆದರಿದ್ನಾ? ಹಳ್ಳಿ ಬಾವಿಗೆ ತಲೆಕೆಳಗಾಗಿ ಧುಮುಕಿದವನು ನಾನು! ತಿರುಗೋ ಕುರ್ಚಿಗೆ ಹೆದರ್ತೀನಾ?

ಒಳಗೆ ಕಂಪನಿ ಕಡೆಯ ವಕೀಲಮ್ಮ ಒಬ್ಬರಿದ್ರು. ಒಳ್ಳೆಯವರೇ, ಸುಳ್ಳು ಹೇಳಬಾರದು. 'ನೋಡಪ್ಪಾ, ಕರಾರಿಗೆ ಸಹಿ ಬೀಳೋವರೆಗೂ ಮುಚ್ಚಳ ಬಿಚ್ಚಬೇಡ. ಏನು ಮಾಡುತ್ತೆ ಅಂತ ತೋರಿಸು, ಹೇಗೆ ಅಂತ ಬೇಡ' ಅಂತ ಎರಡು ಸಲ ಹೇಳಿದ್ರು. ನಾನು ಮುಚ್ಚಳ ಇದ್ದ ಹಾಗೇ ಡಬ್ಬ ಬಗ್ಗಿಸಿ ಎಣ್ಣೆ ಸುರಿದೆ, ಎತ್ತಿದೆ. ಕಡೇ ಹನಿ ಹೊರಗೆ ತೊಟ್ಟಿಕ್ಕದೆ ಸರಕ್ಕನೆ ಒಳಗೇ ಹೋಯ್ತು! ಬಿಳೀ ಮೇಜಿನ ಮೇಲೆ ಒಂದು ಕಲೆ ಇಲ್ಲ. ಆಗ ಒಬ್ಬ ಕನ್ನಡಕದವನು, 'ಇದನ್ನ ನಿಜವಾಗ್ಲೂ ನೀನೇ ಮಾಡಿದ್ದಾ?' ಅಂದ.

ನಿಜವಾಗ್ಲೂ ಅಂತೆ! ಮೈಯೆಲ್ಲಾ ಉರಿದುಹೋಯ್ತು. ನಮ್ಮ ಶೆಡ್ಡಿಗೆ ಬಂದು ಯಾರಾದ್ರೂ ಹಾಗಂದ್ರೆ ಏನು ಮಾಡ್ತೀವಿ? ಬಿಚ್ಚಿ ಅಂಗೈ ಮೇಲಿಡ್ತೀವಿ. ಮುಚ್ಚಿಟ್ಕೊಳ್ಳೋನು ಕಸುಬುದಾರನಲ್ಲ ಅಂತ ಹೇಳಿಕೊಟ್ಟೋಳು ನೀನೇ ತಾನೇ?

ಹೂಂ... ಬಿಚ್ಚಿದೆ. ಹಣೆ ಚಚ್ಕೋಬೇಡ.

ಅವನು ಒಳಗಿನ ರಬ್ಬರ್ ಬಿಲ್ಲೆ ತಿರುವಿ ನೋಡಿ, 'ಈ ಸೀಳು ಯಾಕೆ ಓರೆಯಾಗಿದೆ?' ಅಂದ. ನಾನು, 'ಅದು ನಮ್ಮ ಮನೆತನದ ಗುಟ್ಟು ಸಾರ್!' ಅಂದೆ. ...ಮತ್ತೇನನ್ನಲಿ? ಎರಡು ವರ್ಷ ನೀನು ಕತ್ತರಿ ಹಿಡಿದು ಬಿಲ್ಲೆ ಸೀಳ್ತಾ ಸೀಳ್ತಾ ಕೈ ಬೊಬ್ಬೆ ಮಾಡ್ಕೊಂಡಾಗ ನಾನು ಆರ್ಡರ್ ತರ್ತೀನಿ ಅಂತ ಊರು ಸುತ್ತುತ್ತಿದ್ದೆ. ಯಾಕೆ ಓರೆ ಅಂತ ಒಂದು ದಿನ ಕೇಳಿದ್ನಾ ನಿನ್ನ? ಅವರಿಗೆ ಅರ್ಧ ಗಂಟೇಲಿ ಗೊತ್ತಾಗಿಹೋಯ್ತು.

ಸಹಿನಾ? ಆಮೇಲೆ ಹಾಕಿದೆ. ಓದ್ದೆ... ಅಲ್ಲಲ್ಲಿ ಓದಿದೆ. 'ಕಂಡುಹಿಡಿದವರು' ಅಂತ ಒಂದು ಗೆರೆ ಇತ್ತು ಅಕ್ಕಾ. ಒಂದೇ ಗೆರೆ. 'ನನಗೆ ಮಾತು ಬರಲ್ಲ, ನೀನೇ ಹೋಗು' ಅಂತ ಕಳಿಸಿದೋಳು ನೀನು. ನಿನ್ನ ಹೆಸರೇ ಬರೀಬೇಕು ಅಂತ ಪೆನ್ನು ತಗೊಂಡೆ, ಆಣೆಗೂ. ಆದ್ರೆ ಅಷ್ಟು ಹೊತ್ತೂ ನಾನೇ ಮಾಡಿದ್ದು, ನಾನೇ ಮಾಡಿದ್ದು ಅಂತ ಎದೆ ತಟ್ಕೊಂಡಿದ್ನಲ್ಲ... ನಾಲ್ಕು ಜನರ ಮುಂದೆ...

ಬೈಯಿ. ಎರಡು ಬಾರಿಸು. ಹೀಗೆ ಸುಮ್ನೆ ಕೈ ಒರೆಸ್ಕೊಳ್ತಾ ನಿಲ್ಬೇಡ ಅಕ್ಕಾ.

ಅಕ್ಕಾ...

ಮುಚ್ಚಳ ಅವರಿಗೆ ಬರೆದುಕೊಟ್ಟೆ. ಅವರೇ ಮಾಡ್ಕೊಳ್ತಾರಂತೆ, ನಮ್ಮ ಶೆಡ್ಡು ಬೇಕಾಗಿಲ್ವಂತೆ. ನನಗೆ ಒಂದು ಕೆಲಸ ಕೊಟ್ರು. ಅಂಗಡಿ ಅಂಗಡಿಗೆ ಹೋಗಿ ಎಣ್ಣೆ ಸುರಿದು ತೋರಿಸೋದು.